ದರಗಿನ ಮೇಲೆ ಕೋಳಿ

— ಇಷ್ಟು ಚೆಂದದ ದರಗನ್ನು ರಸ್ತೆ ಪಕ್ಕಕ್ಕೆ ಒಟ್ಟಿದ್ದಾರಲ್ಲ ಮಾರಾಯ್ತಿ, ಇದನ್ನು ಯಾರು ಹೊತ್ತುಕೊಂಡು ಹೋಗ್ತಾರೆ?

— ನಗರಸಭೆಯ ಲಾರಿ ಬರ್ತದೆ ಅಕ್ಕ. ಮ್ಯಾಡಿಸನ್ನಿನಲ್ಲಿ ಅಕ್ಟೋಬರ್ ಹಿಡಿದು ಹಿಮ ಬೀಳುವವರೆಗೆ ಇದೇ ಕೆಲಸ. ಕಾಲುದಾರಿಗೂ ರಸ್ತೆಗೂ ನಡುವೆ ಹುಲ್ಲಿನ ಪಟ್ಟಿ ಇದೆಯಲ್ಲ, ಅಲ್ಲಿ ಗುಡ್ಡೆ ಹಾಕಿಡಬೇಕು. ವಿಸ್ಕಾನ್ಸಿನ್ ರಾಜ್ಯದಲ್ಲಿ 1993ರಿಂದ ಎಲೆ, ಹುಲ್ಲನ್ನು ಕಸದ ಗುಂಡಿಗೆ ಸುರಿಯುವ ಹಾಗಿಲ್ಲ. ಬೇರೆಯಾಗಿ ಒಯ್ದು ಗೊಬ್ಬರ ಮಾಡಿಸ್ತಾರೆ.

— ನಮ್ಮಲ್ಲಿ ಒಂದು ಬುಟ್ಟಿ ದರಗಿಗೆ ಬೆಟ್ಟ ಹತ್ತಬೇಕು. ಮಾಘ, ಫಾಲ್ಗುಣದಲ್ಲಿ ಮತ್ತಿ, ಹೊನ್ನೆ, ನಂದಿ ಎಲೆ ಉದುರಿಸಿದ ಮೇಲೆ ಹೆಂಗಸರು ಪೊರಕೆ ಹಿಡಿದು ಬೆಳಗಿನ ಜಾವಕ್ಕೇ ಹೊರಡ್ತಾರೆ. ಇಬ್ಬನಿ ಆರುವ ಮೊದಲೇ ಗುಡಿಸಿ ಬುಟ್ಟಿಗೆ ಒತ್ತಬೇಕು, ಬಿಸಿಲೇರಿದರೆ ಎಲ್ಲಾ ಪುಡಿಯಾಗ್ತದೆ. ಮುಂಗಾರಿನ ಮೊದಲ ಮಳೆ ಬರುವಷ್ಟರಲ್ಲಿ ಒಳಗೆ ಸೇರಿಸದಿದ್ದರೆ ಆ ವರ್ಷ ಕೊಟ್ಟಿಗೆಗೆ ಹಾಸಲು ಏನೂ ಇಲ್ಲ. ಇಲ್ಲಿ ಮನೆ ಬಾಗಿಲಿಗೇ ಬಂದು ಬಿದ್ದದ್ದನ್ನು ಲಾರಿಗೆ ತುಂಬ್ತಾರಲ್ಲ!

— ಲಾರಿಗೆ ಹೋದರೂ ಪರವಾಗಿಲ್ಲ, ಅದು ರಸ್ತೆಯ ಮೇಲೆ ಬೀಳಬಾರದು ಅನ್ನುವುದು ಈ ಊರಿನ ಚಿಂತೆ. ನೀನು ನಿನ್ನೆ ನೋಡಿದೆಯಲ್ಲ, ಆ ಎರಡು ಸರೋವರ, ಮೆಂಡೋಟ ಮತ್ತು ಮೊನೋನ. ಅವುಗಳ ನಡುವಿನ ಕಿರಿದಾದ ನೆಲದ ಮೇಲೇ ಊರಿನ ನಡುಭಾಗ ಇರುವುದು. ರಸ್ತೆಯ ಮಳೆನೀರು ಎಲ್ಲೂ ಶುದ್ಧವಾಗದೆ ಸೀದಾ ಸರೋವರಕ್ಕೆ ಇಳೀತದೆ. ಡಾಂಬರಿನ ಮೇಲೆ ಬಿದ್ದ ಎಲೆ ಮಳೆಯಲ್ಲಿ ನೆನೆದರೆ ಚಹಾಸೊಪ್ಪು ಬಿಸಿನೀರಿಗೆ ಬಣ್ಣ ಬಿಟ್ಟ ಹಾಗೆ ಒಳಗಿನ ರಂಜಕವನ್ನು ಬಿಟ್ಟುಕೊಡ್ತದೆ. ಅದೇ ರಂಜಕ ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಪಾಚಿಯಾಗಿ ಏಳುವುದು. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯವರು ಇದೇ ಊರಿನ ಬಡಾವಣೆಗಳಲ್ಲಿ ಚರಂಡಿ ನೀರು ಹಿಡಿದು ಅಳೆದು 2016ರಲ್ಲಿ ಪ್ರಕಟಿಸಿದರು. ಎಲೆ ತೆಗೆದು ರಸ್ತೆ ಚೊಕ್ಕಟ ಮಾಡಿದ ಕಡೆ ಈ ಕಾಲದ ನೀರಿನಲ್ಲಿ ರಂಜಕ 84 ಪ್ರತಿಶತ ಕಡಿಮೆಯಾಗಿತ್ತು.

— ಹಾಗಾದರೆ ತಪ್ಪು ಎಲೆಯದ್ದಲ್ಲ. ಮಣ್ಣಿನ ಮೇಲೆ ಬೀಳಬೇಕಾದದ್ದು ಡಾಂಬರಿನ ಮೇಲೆ ಬಿತ್ತು.

— ಅಷ್ಟೇ. ಅದಕ್ಕೇ ನಮ್ಮ ಮನೆಯ ಎಲೆ ಲಾರಿಗೆ ಹೋಗುವುದಿಲ್ಲ. ಹುಲ್ಲುಹಾಸಿನ ಮೇಲೆ ಬಿದ್ದದ್ದೆಲ್ಲ ಕೋಳಿ ಅಂಗಳಕ್ಕೆ.

— ಈ ನಾಲ್ಕು ಹೇಟೆಗೆ ಎಷ್ಟು ದರಗು ಬೇಕಾದೀತು?

— ನೀನು ಊಹಿಸುವುದಕ್ಕಿಂತ ಹೆಚ್ಚು. ಈ ಊರಲ್ಲಿ 2004ರವರೆಗೆ ಹಿತ್ತಲಲ್ಲಿ ಕೋಳಿ ಸಾಕುವ ಹಾಗೇ ಇರಲಿಲ್ಲ. ಕದ್ದು ಸಾಕುತ್ತಿದ್ದವರೆಲ್ಲ ಸೇರಿ ನಗರಸಭೆಯನ್ನು ಒಪ್ಪಿಸಿದ ಮೇಲೆ ನಾಲ್ಕು ಕೋಳಿಗೆ ಅನುಮತಿ ಸಿಕ್ಕಿತು. ಹುಂಜ ಇರಬಾರದು, ಹಿತ್ತಲಲ್ಲಿ ಕೊಯ್ಯಬಾರದು. ನಿಮ್ಮಲ್ಲಿಯ ಹಾಗೆ ಊರೆಲ್ಲ ಸುತ್ತಿ ಬರುವ ಕೋಳಿಯಲ್ಲ ಇವು. ಬೇಲಿಯೊಳಗೇ ತಿಂದು, ಅಲ್ಲೇ ಹಿಕ್ಕೆ ಹಾಕಿ, ಅಲ್ಲೇ ಕೆದಕಬೇಕು. ಬರೀ ನೆಲ ಬಿಟ್ಟರೆ ಒಂದು ಮಳೆಗೆ ಕೆಸರು, ಎರಡನೆಯ ಮಳೆಗೆ ನಾತ.

— ನಮ್ಮ ಕೋಳಿ ಒಡ್ಡಿಯ ಕೆಳಗೆ ಬೂದಿ ಚೆಲ್ತೇವೆ. ವಾರಕ್ಕೊಮ್ಮೆ ಕೆರೆದು ಬಾಳೆ ಬುಡದಿಂದ ದೂರಕ್ಕೆ ಹಾಕ್ತೇವೆ. ಬುಡಕ್ಕೇ ಹಾಕಿದರೆ ಕಾವಿಗೆ ಗಿಡ ಸುಟ್ಟುಹೋಗ್ತದೆ. ಅಮ್ಮ ಹೇಳ್ತಿದ್ದದ್ದು ನೆನಪಿದೆಯಾ, ಸಗಣಿಯನ್ನು ಮುಟ್ಟಿ ಹಾಕು, ಹಿಕ್ಕೆಯನ್ನು ನೋಡಿ ಹಾಕು ಅಂತ.

— ಆ ಕಾವು ಸಾರಜನಕದ್ದು. ಹಕ್ಕಿಗೆ ಮೂತ್ರ ಬೇರೆ, ಮಲ ಬೇರೆ ಅಂತಿಲ್ಲವಲ್ಲ. ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುವುದು ಯೂರಿಕ್ ಆಮ್ಲ. ಅದು ಒದ್ದೆಯಾದರೆ ಅಮೋನಿಯ ಏಳ್ತದೆ. ಹಸಿ ಹಿಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಹತ್ತು ಪಾಲೂ ಇರುವುದಿಲ್ಲ. ಒಣ ಎಲೆಯಲ್ಲಿ ನಲವತ್ತರಿಂದ ಎಂಬತ್ತು ಪಾಲು. ಮರ ಎಲೆ ಉದುರಿಸುವ ಮೊದಲು ಅದರಲ್ಲಿದ್ದ ಸಾರಜನಕವನ್ನು ಬಹಳಷ್ಟು ಮಟ್ಟಿಗೆ ರೆಂಬೆಗೆ ಹಿಂದಕ್ಕೆ ಎಳೆದುಕೊಳ್ತದೆ. ಹಸಿರು ಹೋಗಿ ಹಳದಿ ಕಾಣುವುದೇ ಆಗ. ಉಳಿದದ್ದು ಹೆಚ್ಚಾಗಿ ಇಂಗಾಲ. ಗೊಬ್ಬರ ಬೇಗ ಹಣ್ಣಾಗಲು ಇಪ್ಪತ್ತೈದು, ಮೂವತ್ತು ಪಾಲು ಇಂಗಾಲ ಬೇಕು. ಹಿಕ್ಕೆಯಲ್ಲಿ ಇಲ್ಲದ್ದು ದರಗಿನಲ್ಲಿದೆ, ದರಗಿನಲ್ಲಿ ಇಲ್ಲದ್ದು ಹಿಕ್ಕೆಯಲ್ಲಿದೆ.

— ನಮ್ಮ ಕೊಟ್ಟಿಗೆಯ ಲೆಕ್ಕವೇ. ಬೇಸಿಗೆಯಲ್ಲಿ ದರಗು, ಮಳೆಗಾಲದಲ್ಲಿ ಹಸಿ ಸೊಪ್ಪು. ದನ ರಾತ್ರಿಯಿಡೀ ತುಳೀತದೆ, ಬೆಳಿಗ್ಗೆ ಮೇಲೊಂದು ಪದರ ಹಾಸ್ತೇವೆ, ತುಂಬಿದ ಮೇಲೆ ಗುಂಡಿಗೆ.

— ಕೊಟ್ಟಿಗೆಯಲ್ಲಿ ತುಳಿತ, ಇಲ್ಲಿ ಕೆದಕಾಟ. ದನ ತುಳಿದು ಒತ್ತಿಬಿಡ್ತದೆ, ಗಾಳಿ ಹೋಗಲಿಕ್ಕೆ ಗುಂಡಿಯಲ್ಲಿ ನಾವು ಮಗುಚಬೇಕು. ಕೋಳಿ ತಾನೇ ಮಗುಚ್ತದೆ. ಒಂದು ಹಿಡಿ ಒಡೆದ ಜೋಳವನ್ನು ಎಲೆರಾಶಿಯೊಳಗೆ ಎಸೆದುಬಿಟ್ಟರೆ ಸಂಜೆಯವರೆಗೆ ಕೆಳಗಿನದ್ದು ಮೇಲೆ, ಮೇಲಿನದ್ದು ಕೆಳಗೆ. ಒಂದು ಅಡಿ ದಪ್ಪಕ್ಕೆ ಹಾಸಿದ್ದು ವಾರ ಕಳೆಯುವಷ್ಟರಲ್ಲಿ ಅರ್ಧ ಇಳಿದಿರ್ತದೆ. ಮತ್ತೆ ಹಾಸು. ಚಳಿಗಾಲ ಪೂರ್ತಿ ಹೀಗೇ ನಡೀಲಿಕ್ಕೆ ಎಷ್ಟು ಮೂಟೆ ಕೂಡಿಟ್ಟರೂ ಸಾಲುವುದಿಲ್ಲ. ಗೂಡಿನ ಹಿಂದೆ ತಗಡಿನ ಸೂರು ಇಳಿಸಿರುವುದು ಇದಕ್ಕೇ, ನಿನ್ನ ದರಗಿನ ಕೊಟ್ಟಿಗೆಯ ಹಾಗೆ. ಒಣಗಿಯೇ ಇರಬೇಕು.

— ಒದ್ದೆಯಾದರೆ?

— ಒದ್ದೆ ಎಲೆ ಒಂದರ ಮೇಲೊಂದು ಅಂಟಿ ಚಾಪೆಯಾಗ್ತದೆ. ಮೇಪಲ್ ಎಲೆಯಂತೂ ತೆಳು, ಬೇಗ ಅಂಟ್ತದೆ. ಅಡಿಯಲ್ಲಿ ಬೂಷ್ಟು ಕಟ್ತದೆ. ಆ ಬೂಷ್ಟಿನ ಪುಡಿ ಕೋಳಿಯ ಶ್ವಾಸಕೋಶಕ್ಕೆ ಇಳಿದರೆ ಮದ್ದಿಲ್ಲ ಅಂತಲೇ ತಿಳಿ. ಆಸ್ಪರ್ಜಿಲ್ಲಸ್ ಅನ್ನುವ ಶಿಲೀಂಧ್ರ. ಅದಕ್ಕೇ ಮಳೆ ಬಾರದೆ ಎರಡು ದಿನ ಆಗುವವರೆಗೆ ಕಾದು, ಹುಲ್ಲು ಕೊಯ್ಯುವ ಯಂತ್ರವನ್ನು ಎಲೆಯ ಮೇಲೆ ಒಮ್ಮೆ ಓಡಿಸಿ ಚೂರು ಮಾಡಿ ತುಂಬುವುದು. ಚೂರು ಅಂಟುವುದಿಲ್ಲ, ಬೇಗ ಕೊಳೀತದೆ. ಓಕ್ ಎಲೆ ಮಾತ್ರ ದಪ್ಪ. ಇಡೀ ಹಾಕಿದರೂ ಸುರುಳಿಯಾಗಿ ನಿಲ್ತದೆ, ಗಾಳಿ ಆಡ್ತದೆ, ಆದರೆ ಕರಗಲಿಕ್ಕೆ ವರ್ಷ ತಗೊಳ್ತದೆ.

— ಅಕೇಶಿಯದ ಹಾಗೆ. ಅದನ್ನು ನೆಟ್ಟ ಮೇಲೆ ನಮ್ಮ ಕಡೆ ಎಲ್ಲಿ ನೋಡಿದರೂ ಅದರ ಎಲೆಯೇ. ಗುಂಡಿಯಲ್ಲಿ ವರ್ಷ ಕಳೆದರೂ ಎಲೆ ಎಲೆಯಾಗಿಯೇ ಇರ್ತದೆ. ಮತ್ತಿ ಎಲೆ, ಹಲಸಿನೆಲೆ ಇದ್ದರೆ ಆ ಗೊಬ್ಬರದ ಗುಣವೇ ಬೇರೆ. ಸರಿ, ನಾಳೆ ಪಕ್ಕದ ಮನೆಯವರ ಗುಡ್ಡೆಯನ್ನೂ ಎತ್ತಿಕೊಂಡು ಬರೋಣ. ಕೇಳಿದರೆ ಬೇಡ ಅಂತಾರಾ?

— ಅವರು ಸಂತೋಷದಿಂದ ಕೊಡ್ತಾರೆ. ನಾನೇ ತರುವುದಿಲ್ಲ.

— ಯಾಕೆ?

— ಎರೆಹುಳು.

— ಎರೆಹುಳು ಬಂದರೆ ಒಳ್ಳೆಯದೇ ಅಲ್ಲವಾ! ಊರಲ್ಲಿ ದುಡ್ಡು ಕೊಟ್ಟು ತರ್ತಾರೆ.

— ಇಲ್ಲಿಯ ಕಥೆಯೇ ಬೇರೆ ಅಕ್ಕ. ಕಳೆದ ಹಿಮಯುಗದಲ್ಲಿ ಈ ಪ್ರದೇಶದ ಬಹುಭಾಗದ ಮೇಲೆ ಹಿಮದ ಹಾಳೆ ಇತ್ತು. ಅದು ಕರಗಿ ಹಿಂದೆ ಸರಿದ ಮೇಲೆ ಇಲ್ಲಿಯ ಕಾಡು ಬೆಳೆದದ್ದು ಎರೆಹುಳು ಇಲ್ಲದೆ. ಉದುರಿದ ಎಲೆ ನಿಧಾನವಾಗಿ, ಶಿಲೀಂಧ್ರದಿಂದ ಕೊಳೆತು, ಮೆತ್ತನೆಯ ದಪ್ಪ ಹಾಸಾಗ್ತದೆ. ಕಾಡಿನ ಹೂಗಿಡಗಳು, ಮೇಪಲ್ ಸಸಿಗಳು ಆ ಹಾಸಿನಲ್ಲೇ ಬೇರುಬಿಡುವುದು. ಯುರೋಪಿನವರು ಬಂದಾಗ ಅವರ ಗಿಡ, ಮಣ್ಣಿನ ಜೊತೆ ಎರೆಹುಳುಗಳೂ ಬಂದವು, ಹಾಸನ್ನು ತಿಂದು ನೆಲ ಬೋಳು ಮಾಡ್ತಾ ಬಂದವು. ಈಗ ಏಷ್ಯಾದ ಇನ್ನೊಂದು ಜಾತಿ ಸೇರಿಕೊಂಡಿದೆ, ಮುಟ್ಟಿದರೆ ಹಾವಿನ ಹಾಗೆ ಹೊರಳಿ ನೆಗೆಯುವ ಹುಳು. ಈ ರಾಜ್ಯದಲ್ಲಿ ಅದನ್ನು ಮೊದಲು ಗುರುತಿಸಿದ್ದು 2013ರಲ್ಲಿ, ಇದೇ ಊರಿನ ವಿಶ್ವವಿದ್ಯಾಲಯದ ಅರ್ಬೊರೀಟಂ ಕಾಡಿನಲ್ಲಿ. ಅದು ಇದ್ದ ಕಡೆ ಮೇಲ್ಮಣ್ಣು ಕಾಫಿಪುಡಿಯ ಗಷ್ಟಿನ ಥರ ಉದುರುದುರಾಗಿಬಿಡ್ತದೆ. ಬೇರಿಗೆ ಹಿಡಿತ ಸಿಗುವುದಿಲ್ಲ. ಹುಳು ಚಳಿಗೆ ಸಾಯ್ತದೆ, ಆದರೆ ಸಾಸಿವೆಯಷ್ಟೇ ಸಣ್ಣದಾದ ಅದರ ಮೊಟ್ಟೆಗೂಡು ಎಲೆಯ ಅಡಿಯ ಮಣ್ಣಿನಲ್ಲಿ ಉಳೀತದೆ. ಯಾರದ್ದೋ ಹಿತ್ತಲಿನ ಎಲೆ ತಂದರೆ ಅದನ್ನೂ ತಂದ ಹಾಗೆ.

— ಕೋಳಿ ತಿಂದುಹಾಕುವುದಿಲ್ಲವಾ?

— ಹುಳುವನ್ನು ತಿನ್ನಬಹುದು. ಆ ಮೊಟ್ಟೆಗೂಡನ್ನೆಲ್ಲ ಹೆಕ್ಕಿ ಮುಗಿಸ್ತದೆ ಅಂತ ನಂಬಿ ಕೂರಲಾಗುವುದಿಲ್ಲ. ಇನ್ನೂ ಕೆಲವು ಎಲೆ ನಾನು ಅಂಗಳಕ್ಕೆ ಹಾಕುವುದಿಲ್ಲ. ಮೂಲೆಮನೆಯ ಹತ್ತಿರ ಕಪ್ಪು ವಾಲ್‌ನಟ್ ಮರವಿದೆಯಲ್ಲ, ಅದರ ಎಲೆಯ ಜುಗ್ಲೋನ್ ಅನ್ನುವ ರಸ ಟೊಮೆಟೊ ಗಿಡಕ್ಕೆ ಆಗಿಬರುವುದಿಲ್ಲ. ಕಾಡು ಚೆರ್ರಿಯ ಬಾಡಿದ ಎಲೆಯಲ್ಲಿ ಸಯನೈಡ್ ಹುಟ್ತದೆ, ದನಗಳೇ ಸತ್ತದ್ದುಂಟು. ಸರೋವರದ ದಂಡೆಯ ಎಲೆಯಂತೂ ಬೇಡವೇ ಬೇಡ. ಈ ತಿಂಗಳಲ್ಲಿ ಉತ್ತರದಿಂದ ಬಾತು, ಹೆಬ್ಬಾತುಗಳ ಹಿಂಡು ಇಳೀತವೆ. 2022ರಿಂದ ಈ ದೇಶದಲ್ಲಿ ಹಬ್ಬಿರುವ ಎಚ್5ಎನ್1 ಕೋಳಿಜ್ವರ ಹೆಚ್ಚಾಗಿ ಕಾಡು ನೀರುಹಕ್ಕಿಗಳ ಹಿಕ್ಕೆಯಿಂದಲೇ ಸಾಕುಕೋಳಿಗೆ ತಗುಲಿದ್ದು. ದಂಡೆಯಲ್ಲಿ ಓಡಾಡಿದ ಚಪ್ಪಲಿಯಲ್ಲೇ ಕೋಳಿ ಅಂಗಳಕ್ಕೆ ಹೋಗಬೇಡ ಅಂತ ನಿನ್ನೆ ನಿಲ್ಲಿಸಿದ್ದು ಅದಕ್ಕೇ.

— ಮಡಿಯೇನೋ ಅಂದುಕೊಂಡೆ. ಇರಲಿ, ಆ ಕೆಂಚು ಹೇಟೆಗೆ ಏನೋ ಆಗಿದೆ ಕಣೇ. ಕುತ್ತಿಗೆಯೆಲ್ಲ ಬೋಳು. ನಿನ್ನೆಯಿಂದ ಮುದುಡಿಕೊಂಡೇ ಇದೆ.

— ಪುಕ್ಕ ಬದಲಿಸ್ತಿದೆ, ಅಷ್ಟೇ. ಹಗಲು ಸಣ್ಣದಾಗ್ತಾ ಬಂದ ಹಾಗೆ ಎಲ್ಲವೂ ಒಟ್ಟಿಗೇ ಉದುರಿಸ್ತವೆ. ಮರಗಳೂ ಇದೇ ಹೊತ್ತಿಗೆ.

— ನಮ್ಮಲ್ಲಿ ಒಂದೊಂದು ಕೋಳಿ ಒಂದೊಂದು ಕಾಲಕ್ಕೆ ಉದುರಿಸ್ತದೆ. ಕಾವಿಗೆ ಕೂತು ಎದ್ದ ಮೇಲೆ ಹೆಚ್ಚು.

— ನಿಮ್ಮ ತೀರ್ಥಹಳ್ಳಿಯಲ್ಲಿ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆ ದಾಟ್ತದೆ. ಇಲ್ಲಿ ಜೂನ್‌ನಲ್ಲಿ ಹದಿನೈದು ಗಂಟೆ ಇದ್ದದ್ದು ಡಿಸೆಂಬರ್‌ಗೆ ಒಂಬತ್ತಕ್ಕೆ ಇಳೀತದೆ. ಕೋಳಿಯ ಮೈಗೆ ಅದೇ ಪಂಚಾಂಗ. ಪುಕ್ಕದಲ್ಲಿ ಹೆಚ್ಚುಕಡಿಮೆ ಇರುವುದೆಲ್ಲ ಪ್ರೋಟೀನ್. ಅಷ್ಟನ್ನೂ ಹೊಸದಾಗಿ ಬೆಳೆಸಬೇಕಾದಾಗ ಮೊಟ್ಟೆಗೆ ಏನು ಉಳಿದೀತು? ಮೊಳಕೆ ಪುಕ್ಕದಲ್ಲಿ ರಕ್ತ ಇರ್ತದೆ, ಮುಟ್ಟಿದರೆ ನೋವು, ಅದಕ್ಕೇ ಎತ್ತಿಕೊಳ್ಳಲಿಕ್ಕೆ ಬಿಡುವುದಿಲ್ಲ. ಪ್ರೋಟೀನ್ ಜಾಸ್ತಿಯಿರುವ ಮೇವು ಕೊಡ್ತಿದ್ದೇನೆ. ಎಲೆಯ ಅಡಿಯ ಹುಳುಹುಪ್ಪಟೆಯೂ ಈಗ ಅವಕ್ಕೆ ಬೇಕಾದದ್ದೇ.

— ಗೂಡಿಗೆ ದೀಪ ಹಾಕಿದರೆ ಮೊಟ್ಟೆ ಇಡ್ತಾವಂತಲ್ಲ. ಫಾರಂಗಳಲ್ಲಿ ಹಾಗೇ ಮಾಡುವುದು.

— ಇಡ್ತವೆ. ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು ಸಿಕ್ಕರೆ ಸಾಕು. ನಾನು ಹಾಕುವುದಿಲ್ಲ. ವರ್ಷವಿಡೀ ಇಟ್ಟ ಹಕ್ಕಿಗೆ ಎರಡು ತಿಂಗಳು ಬಿಡುವು ಇರಲಿ ಅಂತ. ಇದರಲ್ಲಿ ನನ್ನದೇ ಸರಿ ಅಂತ ವಾದಿಸುವುದಿಲ್ಲ, ಹಾಕುವವರಿಗೆ ಅವರ ಕಾರಣ ಇರಬಹುದು. ಆದರೆ ಪುಕ್ಕ ಬರದ ಮೈಗೆ ಚಳಿ ಎದುರಾಗಬಾರದು, ಅದು ಮುಖ್ಯ.

— ಇಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಕೆಳಗೆ ಹೋಗ್ತದೆ ಅಂತೀಯ. ಗೂಡಿಗೆ ನೋಡಿದರೆ ಮೇಲೆ ಅಷ್ಟಗಲ ಕಿಂಡಿ ಬಿಟ್ಟಿದ್ದೀಯ. ಮುಚ್ಚುವುದಿಲ್ಲವಾ?

— ಮುಚ್ಚಿದರೆ ಕೆಡ್ತದೆ. ಚಳಿಗಿಂತ ತೇವ ಕೆಟ್ಟದ್ದು. ಉಸಿರು, ಹಿಕ್ಕೆ ಎರಡರಿಂದಲೂ ಏಳುವ ಆವಿ ಹೊರಹೋಗದಿದ್ದರೆ ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ತದೆ. ಆಮೇಲೆ ಆ ತುದಿ ಕಪ್ಪಾಗಿ ಉದುರಿಹೋಗ್ತದೆ. ಅವು ಕೂರುವ ಅಡ್ಡಕೋಲಿನ ಮಟ್ಟಕ್ಕೆ ಗಾಳಿ ಹೊಡೀಬಾರದು, ಅದಕ್ಕಿಂತ ಮೇಲೆ ಆವಿ ಹೋಗಲಿಕ್ಕೆ ದಾರಿ ಬೇಕು. ಒಣ ಎಲೆ ಅಡಿಯಿಂದ ತೇವ ಹೀರ್ತದೆ. ಕೋಳಿಯ ಮೈಬಿಸಿಯೇ ನಲವತ್ತೊಂದು ಡಿಗ್ರಿ, ಪುಕ್ಕ ಉಬ್ಬಿಸಿ ಕೂತರೆ ಸಾಕಾಗ್ತದೆ.

— ಸರಿ, ಇವತ್ತು ಏನೇನು ಕೆಲಸ? ಸುಮ್ಮನೆ ಮಾತಾಡ್ತಾ ಹೊತ್ತು ಹೋಗ್ತಿದೆ.

— ಬೆಳ್ಳುಳ್ಳಿ ನೆಡಬೇಕು, ನೆಲ ಗಟ್ಟಿಯಾಗುವ ಮೊದಲು ಬೇರುಬಿಡಬೇಕು. ಎಸಳಿನ ಮೇಲೆ ಅರ್ಧ ಅಡಿ ಎಲೆಚೂರು ಹಾಸಿ ಅದರ ಮೇಲೆ ತಂತಿಬಲೆ ಹೊದಿಸಬೇಕು. ಇಲ್ಲದಿದ್ದರೆ ನಮ್ಮ ನಾಲ್ವರೂ ಸೇರಿ ಒಂದು ಗಳಿಗೆಯಲ್ಲಿ ಎಲ್ಲಾ ಹೊರಗೆಳೀತಾರೆ. ಆ ಕಡೆಯ ಟೊಮೆಟೊ, ಬೀನ್ಸ್ ಪಾತಿಗೆ ಮೊನ್ನೆಯ ಇಬ್ಬನಿಗಡ್ಡೆ ಹೊಡೆದು ಕರಕಲಾಗಿದೆ. ಅದನ್ನು ಕಿತ್ತು ಕೋಳಿಗಳನ್ನು ಒಳಗೆ ಬಿಡೋಣ. ಬಿದ್ದ ಬೀಜ, ಗೊಂಡೆಹುಳು, ಕಳೆ ಎಲ್ಲ ಅವರ ಪಾಲು. ಟೊಮೆಟೊ ಬಳ್ಳಿಯನ್ನು ಮಾತ್ರ ಅವಕ್ಕೆ ಹಾಕಬೇಡ.

— ಹಸಿ ಹಿಕ್ಕೆ ಬಿದ್ದ ಪಾತಿಯಲ್ಲಿ ಆಮೇಲೆ ಸೊಪ್ಪು ಬೆಳೆದು ಹಸಿಯಾಗಿ ತಿನ್ನೋದಾ?

— ಅದಕ್ಕೇ ಈಗಲೇ ಬಿಡುವುದು. ಇಲ್ಲಿಯ ಸಾವಯವ ಬೇಸಾಯದ ಕಟ್ಟಳೆಯಲ್ಲಿ ಹಸಿ ಗೊಬ್ಬರ ಬಿದ್ದ ನೆಲದಿಂದ 120 ದಿನ ಕಳೆಯದೆ ಮಣ್ಣಿಗೆ ತಾಗುವ ತರಕಾರಿ ಕೀಳುವ ಹಾಗಿಲ್ಲ. ಮಣ್ಣಿಗೆ ತಾಗದ್ದಾದರೆ 90 ದಿನ. ಮನೆಬಳಕೆಗೆ ಆ ಕಟ್ಟಳೆ ಅನ್ವಯಿಸದಿದ್ದರೂ ನಾನು ಅದನ್ನೇ ಹಿಡೀತೇನೆ, ಸಾಲ್ಮೊನೆಲ್ಲಕ್ಕೆ ಮನೆ, ಮಾರುಕಟ್ಟೆ ಅಂತ ಭೇದವಿಲ್ಲವಲ್ಲ. ಈಗ ಬಿಟ್ಟು ಹಿಮ ಬೀಳುವಾಗ ಹೊರಗೆ ಅಟ್ಟಿದರೆ ಮೇ ತಿಂಗಳ ನಾಟಿಗೆ ಬೇಕಾದಷ್ಟು ಅಂತರ ಸಿಗ್ತದೆ.

— ಆ ದೊಡ್ಡ ಓಕಿನ ಬುಡದ್ದು ಗುಡಿಸಲಾ? ಅಲ್ಲೇ ಎಲ್ಲಕ್ಕಿಂತ ಹೆಚ್ಚು ಬಿದ್ದಿದೆ.

— ಬೇಡ ಅಕ್ಕ, ಅಲ್ಲಿ ಪೊರಕೆ, ಕೋಳಿ, ಯಂತ್ರ ಯಾವುದೂ ಹೋಗಬಾರದು. ಅದಕ್ಕೇ ಸುತ್ತ ಬಲೆ ಹಾಕಿರುವುದು.

— ಅಷ್ಟೂ ದರಗು ಸುಮ್ಮನೆ ಬಿಡ್ತೀಯ?

— ಜೂನ್ ಕೊನೆಗೆ ನೀನು ಇಲ್ಲಿದ್ದಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಈ ಹಿತ್ತಲಿನ ಮಿಂಚುಹುಳುಗಳೆಲ್ಲ ಅಲ್ಲಿಂದಲೇ ಏಳುವುದು. ಅವುಗಳ ಮರಿ ಎಲೆಯ ಅಡಿಯ ತೇವದ ಮಣ್ಣಿನಲ್ಲಿ ಒಂದು ವರ್ಷ, ಕೆಲವು ಸಲ ಎರಡು ವರ್ಷ, ಬಸವನಹುಳು, ಗೊಂಡೆಹುಳು ತಿಂದು ಬೆಳೀತವೆ. ಹೊಳೆಯುವ ಜೀವನ ಕೆಲವು ವಾರದ್ದು. ಲೂನಾ ಅಂತ ಒಂದು ತಿಳಿಹಸಿರು ದೊಡ್ಡ ಪತಂಗವಿದೆ. ಅದರ ಗೂಡು ಎಲೆಯನ್ನೇ ಸುತ್ತಿಕೊಂಡು ನೆಲಕ್ಕೆ ಬಿದ್ದು ಚಳಿಗಾಲ ಕಳೀತದೆ. ಕಂದು, ಕಪ್ಪು ಪಟ್ಟೆಯ ಕಂಬಳಿಹುಳು ಎಲೆಯೊಳಗೆ ಹೆಪ್ಪುಗಟ್ಟಿಯೇ ಬದುಕಿ ವಸಂತಕ್ಕೆ ಏಳ್ತದೆ. ಯಂತ್ರ ಓಡಿಸಿದರೆ ಇವೆಲ್ಲ ಚೂರು. ಕೋಳಿ ಬಿಟ್ಟರೆ ಒಂದು ಮಧ್ಯಾಹ್ನಕ್ಕೆ ಎಲ್ಲ ಖಾಲಿ. ಹುಲ್ಲುಹಾಸಿನ ಮೇಲಿನ ಎಲೆ ಕೋಳಿಗೆ, ಮರದ ಬುಡದ್ದು ಮರಕ್ಕೆ. ನನ್ನ ಹಿತ್ತಲಿನ ಕಟ್ಟಳೆ ಇದೊಂದೇ.

— ಕೋಳಿಯ ಬಗ್ಗೆ ಇಷ್ಟೊತ್ತು ಅಷ್ಟು ಹೊಗಳಿದೆ, ಈಗ ಅದನ್ನೇ ಹೊರಗಿಡು ಅಂತೀಯ.

— ಕೋಳಿ ಒಳ್ಳೆಯ ಕೆಲಸಗಾರ ಹೌದು, ಆದರೆ ಅದಕ್ಕೆ ಯಾವುದನ್ನು ಬಿಡಬೇಕು ಅಂತ ತಿಳಿಯುವುದಿಲ್ಲ. ಕೊಟ್ಟ ಜಾಗದಲ್ಲಿ ಎಲ್ಲವನ್ನೂ ಮುಗಿಸ್ತದೆ. ಜಾಗ ಗೊತ್ತುಮಾಡುವುದು ನಮ್ಮ ಪಾಲಿನ ಕೆಲಸ.

— ನೀನು ಹೇಳುವುದು ಕೇಳಿದರೆ ನನಗೆ ನಮ್ಮ ಸೊಪ್ಪಿನ ಬೆಟ್ಟ ಕಣ್ಣಿಗೆ ಬರ್ತದೆ. ಶಿರಸಿ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟಿದ್ದರಲ್ಲ, ಯಾಕೆ ಅಷ್ಟು ಅಂತ ಚಿಕ್ಕವಳಿದ್ದಾಗ ಅನಿಸ್ತಿತ್ತು. ಒಂದು ಎಕರೆ ತೋಟ ಅಷ್ಟು ಬೆಟ್ಟದ ಎಲೆ ತಿನ್ತದೆ. ತೋಟಕ್ಕೆ ಬಂದದ್ದು ಬೆಟ್ಟದಿಂದ ಹೋದದ್ದೇ ತಾನೇ. ವರ್ಷ ವರ್ಷ ಗುಡಿಸಿ ಗುಡಿಸಿ, ಮೇಲಿನಿಂದ ಸೊಪ್ಪು ಕಡಿದು ಕಡಿದು, ಎಷ್ಟೋ ಕಡೆ ಮರ ಕಂಬದ ಹಾಗೆ ನಿಂತಿದೆ, ಅಡಿಯಲ್ಲಿ ಜಂಬಿಟ್ಟಿಗೆ ಕಾಣ್ತದೆ.

— ಹಾಗಾದರೆ ಗುಡಿಸುವುದೇ ತಪ್ಪು ಅಂತ ಆಯ್ತಾ?

— ಹಾಗೆ ಹೇಳಲಾರೆ. ದರಗು ಇಲ್ಲದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ಲದೆ ತೋಟ ಇಲ್ಲ. ಮೂಟೆ ಗೊಬ್ಬರ ತಂದು ಸುರಿದ ತೋಟದ ಮಣ್ಣು ಏನಾಗಿದೆ ಅಂತಲೂ ನೋಡಿದ್ದೇನೆ. ಗುಡಿಸದೆ ಬಿಟ್ಟರೆ ಬೇಸಿಗೆಯಲ್ಲಿ ಬೆಂಕಿ ಬೀಳುವ ಭಯ ಬೇರೆ. ಆದರೆ ಪೂರ್ತಿ ಗುಡಿಸಿದ ಬೆಟ್ಟದಲ್ಲಿ ಮೊದಲ ಮಳೆಯ ನೀರು ನಿಲ್ಲುವುದಿಲ್ಲ, ಕೆಂಪಾಗಿ ಇಳಿದು ಹೋಗ್ತದೆ. ಎಲೆ ಇದ್ದಲ್ಲಿ ಅದೇ ಮಳೆ ಇಂಗ್ತದೆ. ನಮ್ಮ ಅಬ್ಬಿ ನೀರು ಮೊದಲು ಬೇಸಿಗೆಯಲ್ಲೂ ಬರ್ತಿತ್ತು, ಈಗ ಶಿವರಾತ್ರಿ ಕಳೆಯುವಷ್ಟರಲ್ಲಿ ನೂಲಿನೆಳೆ. ಅದಕ್ಕೆ ನೂರು ಕಾರಣ ಇರಬಹುದು, ಬರೀ ದರಗಿನ ಮೇಲೆ ಹಾಕುವುದಿಲ್ಲ. ಆದರೂ ಇಷ್ಟು ವರ್ಷ ಬೆಟ್ಟಕ್ಕೆ ಏನಾದರೂ ಉಳಿಸಬೇಕು ಅನ್ನುವ ಲೆಕ್ಕವನ್ನೇ ಯಾರೂ ಹಾಕಲಿಲ್ಲ.

— ಅರ್ಧ ಬೆಟ್ಟ ಗುಡಿಸಿ ಅರ್ಧ ಬಿಟ್ಟು, ಮುಂದಿನ ವರ್ಷ ಅದಲು ಬದಲು ಮಾಡಿದರೆ?

— ದರಗು ಸಾಲುವುದಿಲ್ಲ.

— ಅಡಿಕೆ ಹಾಳೆ, ಸೋಗೆ ಎಲ್ಲ ಚೂರು ಮಾಡುವ ಯಂತ್ರ ತಂದಿದ್ದೇವೆ ಅಂದೆಯಲ್ಲ. ಸುಮ್ಮನೆ ಮೂಲೆಯಲ್ಲಿದೆ ಅಂತಲೂ ಅಂದೆ.

— ಸೋಗೆಯ ಚೂರನ್ನು ದನ ಮಲಗುವಲ್ಲಿ ಹಾಸಿದರೆ ಚುಚ್ಚುತ್ತದೆ. ಮೇಲೆ ದರಗು, ಅಡಿಗೆ ಸೋಗೆ ಅಂತ ಎರಡು ಪದರ ಮಾಡಬಹುದೇನೋ. ಒಡ್ಡಿಯ ಅಡಿಗಾದರೆ ಸೋಗೆಯೇ ಸಾಕು, ಬೂದಿ ಚೆಲ್ಲುವ ಬದಲು. ಕೋಳಿ ಕೆದಕಿ ಪುಡಿ ಮಾಡಿಕೊಡ್ತದೆ. ಆಳು ಸಿಗದೆ ಹೇಗೂ ಬೆಟ್ಟದ ಮೂರರಲ್ಲೊಂದು ಭಾಗ ಗುಡಿಸದೆ ಉಳಿದುಹೋಗ್ತಿದೆ, ಮನೆ ಹತ್ತಿರದ್ದನ್ನೇ ಮತ್ತೆ ಮತ್ತೆ ಬಳಿದು ತರ್ತೇವೆ. ಅದನ್ನು ಪಾಳಿ ಹಾಕಿ ಮಾಡಿದರೆ ಆದೀತು. ಬರುವ ಮಾಘದಲ್ಲಿ ಮನೆ ಹಿಂದಿನ ಇಳಿಜಾರನ್ನು ಬಿಡ್ತೇನೆ. ಅಲ್ಲಿ ಮತ್ತಿಮರದ ಬೇರು ಮಣ್ಣಿನಿಂದ ಮೇಲೆ ಬಂದಿದೆ.

— ಬಿಟ್ಟ ಕಡೆ ಬೆಂಕಿ ರೇಖೆ ತೆಗೆಸಲೇಬೇಕು.

— ಅಷ್ಟು ಅಗಲಕ್ಕೆ ಗುಡಿಸಿದ್ದು ಕೊಟ್ಟಿಗೆಗೆ ಆಯ್ತು. ಎಲ್ಲಿ, ಆ ಬೆಳ್ಳುಳ್ಳಿ ಎಸಳು ಕೊಡು. ಬುಡ ಕೆಳಗೆ ಮಾಡಿ ತಾನೇ ಊರುವುದು?